ನೈಲ್ ನದಿಯವರಿಗಿಲ್ಲದ ಪೀಕಲಾಟ ಸುಮೇರಿನವರಿಗೆ ಯಾಕೆ?

ಲಾಸ್ಟ್‌ಬೆಂಚ್: ಕೆಎಎಸ್‌ಗೆ ಓದ್ತಿದೀನಿ, ನೋಟ್ಸಲ್ಲಿ ಎಲ್ಲಾ ನದಿ ನಾಗರಿಕತೆಗೂ ಒಂದೇ ಲೈನು: ನದಿ ಉಕ್ತು, ಮೆಕ್ಕಲು ಮಣ್ಣು ಬಂತು, ಬೆಳೆ ಬಂತು. ಹಂಗಾದ್ರೆ ಮೆಸೊಪೊಟೇಮಿಯಾದಲ್ಲಿ (ಈಗಿನ ಇರಾಕ್ ಕಡೆ, ಅದರ ದಕ್ಷಿಣ ಭಾಗವೇ ಸುಮೇರ್) ಮಾತ್ರ ಒಡ್ಡು, ಕಾಲುವೆ, ಕಾನೂನು, ನೀರಿಗೆ ಯುದ್ಧ ಅಂತೆಲ್ಲಾ ಯಾಕೆ? ಈಜಿಪ್ಟಲ್ಲಿ ಅಷ್ಟು ರಂಪಾಟ ಕಾಣಲ್ಲ, ಎರಡೂ ಕಡೆ ಮರುಭೂಮಿ ಮಧ್ಯೆ ಹರಿಯೋ ನದಿನೇ ತಾನೆ?

ಹಳೇತೂಬು: ಎಲ್ಲಾ ಟೈಮಿಂಗ್ ಗುರು. ನೈಲ್‌ಗೆ ನೀರು ಬರೋದು ಇಥಿಯೋಪಿಯಾದ ಮಳೆಯಿಂದ, ಅದು ಹೆಚ್ಚುಕಮ್ಮಿ ನಮ್ಮ ಮುಂಗಾರಿನ ತಿಂಗಳುಗಳೇ. ಆಗೆಲ್ಲಾ ಸೆಪ್ಟೆಂಬರ್ ಹೊತ್ತಿಗೆ ಹೊಳೆ ತುಂಬ್ತಿತ್ತು, ಸುತ್ತ ಬದು ಹಾಕಿರೋ ದೊಡ್ಡ ದೊಡ್ಡ ಮಡಿಗಳಿಗೆ ನೀರು ಬಿಟ್ಕೊಂಡು ಒಂದೂವರೆ ತಿಂಗಳು ನಿಲ್ಲಿಸಿ ಆಮೇಲೆ ವಾಪಸ್ ಹೊಳೆಗೆ ಬಿಡೋದು, ಆ ಹಸಿ ಕೆಸರಲ್ಲೇ ಗೋಧಿ ಬಾರ್ಲಿ ಚೆಲ್ಲಿದ್ರೆ ಮುಗೀತು, ಮಾರ್ಚ್-ಏಪ್ರಿಲ್‌ಗೆ ಕೊಯ್ಲು.

ಮೆಸೊಪೊಟೇಮಿಯಾದ ನದಿಗಳು ಟೈಗ್ರಿಸ್ ಯೂಫ್ರಟೀಸ್‌ದು ಉಲ್ಟಾ. ಅನಟೋಲಿಯಾ (ಈಗಿನ ಟರ್ಕಿ) ಬೆಟ್ಟದ ಹಿಮ ಕರಗಿ ಪ್ರವಾಹ ಬರೋದು ಏಪ್ರಿಲ್-ಮೇನಲ್ಲಿ, ಅಂದ್ರೆ ತೆನೆ ಕಟ್ಟಿ ನಿಂತಿರೋವಾಗ! ಬಿತ್ತೋ ಟೈಮಲ್ಲಿ ಹೊಳೇಲಿ ನೀರು ಕಮ್ಮಿ, ಕೊಯ್ಯೋ ಟೈಮಲ್ಲಿ ಬೇಡ ಅಂದ್ರೂ ನೀರು. ಅದಕ್ಕೇ ಕಾಲುವೆನೂ ಬೇಕು, ಒಡ್ಡೂ ಬೇಕು, ವರ್ಷಾ ವರ್ಷ ಹೂಳೂ ಎತ್ತಬೇಕು. ಒಬ್ಬ ಒಡ್ಡು ನೋಡ್ಕೊಳ್ದೆ ಬಿಟ್ರೆ ಊರಿನ ಹೊಲನೇ ಹೋಗುತ್ತೆ. ಬ್ಯಾಬಿಲೋನಿನ ರಾಜ ಹಮ್ಮುರಾಬಿ ಕಾನೂನಲ್ಲಿ ಇದೆ ನೋಡಿ (ಕ್ರಿ.ಪೂ. 1750ರ ಸುಮಾರು), ಸೋಮಾರಿತನದಿಂದ ಒಡ್ಡು ಒಡೆದ್ರೆ ಹಾಳಾದ ಧಾನ್ಯ ಕಟ್ಟಿಕೊಡಬೇಕು, ಆಗ್ಲಿಲ್ವಾ, ಅವನನ್ನೂ ಅವನ ಆಸ್ತಿನೂ ಮಾರಿ ನಷ್ಟ ಆದೋರು ಹಂಚ್ಕೋಬಹುದು. ಸುಮೇರಿನ ಉಮ್ಮಾ-ಲಗಾಶ್ ಊರುಗಳಂತೂ ಗಡಿ ಹೊಲ, ಕಾಲುವೆ ಅಂತ ತಲೆಮಾರುಗಟ್ಟಲೆ ಬಡಿದಾಡಿದ್ವು.

ಇನ್ನೊಂದು ಮಜಾ, ಅವರ ನೇಗಿಲಿಗೆ ಬೀಜ ಇಳಿಯೋ ಕೊಳವೆ ಇತ್ತು, ಮುದ್ರೆಗಳಲ್ಲಿ ಚಿತ್ರ ಇದೆ, ನೋಡಿದ್ರೆ ನಮ್ಮ ಕೂರಿಗೆ ನೆನಪಾಗುತ್ತೆ.

ಸಿಂಧನೂರ್ ಮಂದಿ: ಅಣ್ಣಾರ ಉಪ್ಪಿನ ವಿಷಯ ಬಿಟ್ಟೇಬಿಟ್ರಲ್ಲ. ಬಸಿಗಾಲುವೆ ಇಲ್ದ ವರ್ಷಗಟ್ಲೆ ನೀರು ಹಾಯಿಸಿದ್ರ ಅಡಿಯಾಗಿನ ನೀರು ಮ್ಯಾಲೆ ಬರ್ತದ, ಬಿಸ್ಲಿಗೆ ನೀರು ಆರಿ ಉಪ್ಪು ಅಲ್ಲೇ ಉಳೀತದ. ನಮ್ಮ ತುಂಗಭದ್ರಾ ಎಡದಂಡಿ ಕಾಲುವಿ ಕೆಳಗ ಸವಳು-ಜವಳು ಆಗಿ ಬಿಟ್ಟ ಹೊಲ ಬಂದು ನೋಡ್ರಿ, ನೆಲ ಬೆಳ್ಳಗ ಹೊಳೀತಿರ್ತದ. ಸುಮೇರ್‌ದಾಗೂ ಅದೇ ಕತಿ, ಗೋಧಿ ಉಪ್ಪು ತಡಿಯಂಗಿಲ್ಲ, ಬಾರ್ಲಿ ತಡೀತದ, ಬರ್ತಾ ಬರ್ತಾ ಗೋಧಿ ಕಮ್ಮಿ ಆಗಿ ಬಾರ್ಲಿನೇ ಉಳೀತು. ನೈಲ್‌ದಾಗ ನೆರಿ ಇಳಿಯುವಾಗ ಉಪ್ಪು ತೊಳಕೊಂಡು ಹೋಗ್ತಿತ್ತು, ಅದೃಷ್ಟವಂತರು. ನೈಲ್‌ಗೆ ಆಸ್ವಾನ್ ಹೈ ಡ್ಯಾಮ್ ಆದಮ್ಯಾಲೆ (1970) ಅವರಿಗೂ ಈ ಬ್ಯಾನಿ ಜಾಸ್ತಿ ಆತು.

ಸುಮ್ನೆಡೌಟು: ಉಪ್ಪಿನ ಕತೆ ಸಂಶೋಧಕರಾದ ಜೇಕಬ್‌ಸನ್ ಮತ್ತೆ ಆಡಮ್ಸ್ 1958ರಲ್ಲಿ ಬರೆದ ಲೇಖನದಿಂದ ಫೇಮಸ್ ಆಗಿದ್ದು. ಆಮೇಲೆ ಪೊವೆಲ್ ಅನ್ನೋರು ಅದೇ ಹಳೇ ಲೆಕ್ಕದ ಮಣ್ಣಿನ ಹಲಗೆಗಳನ್ನ ಮತ್ತೆ ಓದಿ ತಕರಾರು ಎತ್ತಿದಾರೆ, ಉಪ್ಪಿನಿಂದ ಇಳುವರಿ ಅಷ್ಟು ಬಿದ್ದೋಯ್ತು ಅನ್ನೋದು ಗಟ್ಟಿ ಇಲ್ಲ ಅಂತ, ಮತ್ತೆ ಸುಮೇರಿನವರು ವರ್ಷ ಬಿಟ್ಟು ವರ್ಷ ಹೊಲ ಬೀಳು ಬಿಡ್ತಿದ್ರು. ಹಂಗಾಗಿ ಪರೀಕ್ಷೇಲಿ 'ಉಪ್ಪಿನಿಂದಲೇ ಸುಮೇರ್ ಮುಳುಗಿತು' ಅಂತ ಬರೀಬೇಡಿ ಪ್ಲೀಸ್. 'ಕಾಲುವೆ ನಡೆಸೋಕೇ ರಾಜ ಹುಟ್ಟಿದ' ಅನ್ನೋ ಇತಿಹಾಸಕಾರ ವಿಟ್‌ಫೋಗಲ್ ವಾದನೂ ಅಷ್ಟೇ, ಶುರುವಿನ ಕಾಲುವೆಗಳು ಚಿಕ್ಕವು, ಊರವರೇ ನೋಡ್ಕೊಳ್ಳೋ ಸೈಜಿನವು.

ಲಾಸ್ಟ್‌ಬೆಂಚ್: ಥ್ಯಾಂಕ್ಸ್ ಎಲ್ರಿಗೂ, ಕೊಯ್ಲಿನ ಟೈಮಿಗೆ ಪ್ರವಾಹ ಅನ್ನೋದು ನಮ್ ನೋಟ್ಸಲ್ಲಿ ಎಲ್ಲೂ ಇಲ್ಲ. ಸಿಂಧನೂರ್ ಸರ್, ಆ ಬಿಳಿ ನೆಲದ ಫೋಟೋ ಇದ್ರೆ ಹಾಕಿ.

ಸಿಂಧನೂರ್ ಮಂದಿ: ಹಾಕ್ತೀನಿ ತಮ್ಮಾ, ನಮ್ಮ ಹೊಲದ್ದೇ ಐತಿ.