ಕಡಲಾಮೆ, ತೊಗಟೆ ದುಂಬಿ: ಹೋಲಿಸೋದು ಎಲ್ಲಿಂದ?

ಪ್ರಶ್ನೆ (ಬಾಗಲಕೋಟೆ): ಎಂಟನೇ ತರಗತಿ ಮಕ್ಕಳ ವಿಜ್ಞಾನ ವಸ್ತುಪ್ರದರ್ಶನಕ್ಕೆ ಕಡಲಾಮೆ ಮತ್ತು ತೊಗಟೆ ದುಂಬಿ ಹೋಲಿಸೋ ಚಾರ್ಟ್ ಬೇಕಾಗೇದ. ಬೆನ್ನೆಲುಬು ಇದೆ, ಇಲ್ಲ ಅಂತ ಬರೆದರೆ ಎರಡೇ ಸಾಲಿಗೆ ಮುಗೀತದ. ಎರಡಕ್ಕೂ ಗಟ್ಟಿ ಹೊದಿಕೆ ಇದೆಯಲ್ಲ, ಅಲ್ಲಿಂದ ಶುರು ಮಾಡಬಹುದೇನ್ರಿ? ನಮ್ಮ ದಾಳಿಂಬೆಗೆ ಬೀಳೋ ಶಾಟ್‌ಹೋಲ್ ಬೋರರ್ (ಕಾಂಡ ಕೊರೆಯೋ ಸಣ್ಣ ದುಂಬಿ) ತೊಗಟೆ ದುಂಬಿಯ ಗುಂಪಿನದೇ?

ಉತ್ತರ 1 (ವಿಜಯಪುರ): ಹೌದ್ರಿ, ಅದೇ ಗುಂಪು. ಆದರೆ ಒಂದು ವ್ಯತ್ಯಾಸ ಬರೀರಿ: ಅಸಲು ತೊಗಟೆ ದುಂಬಿ ತೊಗಟೆಯ ಒಳಪದರ ತಿನ್ನುತ್ತದೆ. ಬೋರರ್ ಕಟ್ಟಿಗೆ ತಿನ್ನೋದಿಲ್ಲ, ಸುರಂಗ ಕೊರೆದು ಅದರೊಳಗೆ ಶಿಲೀಂಧ್ರ ಬೆಳೆಸಿ ಅದನ್ನೇ ತಿನ್ನುತ್ತದೆ. ಎಲೆಗೆ ಔಷಧ ಹೊಡೆದರೆ ಸಾಯದಿರೋದಕ್ಕೆ ಕಾರಣ ಇದೇ. ಬುಡದಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತು ಹುಡುಕ್ರಿ. ಕೆಲವು ತೂತಿನಿಂದ ಕಟ್ಟಿಗೆಪುಡಿ ಹಲ್ಲುಕಡ್ಡಿಯ ಹಾಗೆ ಹೊರಗೆ ಚಾಚಿರುತ್ತದೆ, ಮುಟ್ಟಿದರೆ ಉದುರುತ್ತದೆ. ನೀರು ನಿಂತು ಬೇರು ಉಸಿರುಗಟ್ಟಿದ ಗಿಡ ಎಥನಾಲ್ ಬಿಡುತ್ತದೆ, ದುಂಬಿ ಆ ವಾಸನೆ ಹಿಡಿದು ಬರುತ್ತದೆ.

ಇನ್ನು ಹೊದಿಕೆ. ಆಮೆಯ ಚಿಪ್ಪು ಅಂದರೆ ಬೆನ್ನೆಲುಬು, ಪಕ್ಕೆಲುಬುಗಳೇ ಅಗಲವಾಗಿ ಬೆಸೆದದ್ದು. ಮೈ ಜೊತೆ ಅದೂ ಬೆಳೆಯುತ್ತದೆ. ದುಂಬಿಯದು ಕೈಟಿನ್ ಅನ್ನೋ ಗಟ್ಟಿ ವಸ್ತುವಿನ ಹೊರಕವಚ, ಬೆಳೆಯೋದಿಲ್ಲ. ಮರಿಹುಳು ಪೊರೆ ಕಳಚಿ ಕಳಚಿ ದೊಡ್ಡದಾಗುತ್ತದೆ, ದುಂಬಿಯಾದ ಮೇಲೆ ಬೆಳವಣಿಗೆ ನಿಂತಂತೆ.

ಉತ್ತರ 2 (ಬೆಳಗಾವಿ): ನನ್ನ ಮಟ್ಟಿಗೆ ಚಾರ್ಟಿನ ನಡುವೆ ಇರಬೇಕಾದ್ದು ಮೊಟ್ಟೆ. ಆಮೆ, ಬೋರರ್ ಎರಡರಲ್ಲೂ ಗಂಡು-ಹೆಣ್ಣು ನಿರ್ಧಾರ ನಮ್ಮ ಹಾಗಲ್ಲ. ಕಾರವಾರ, ಹೊನ್ನಾವರದ ಕಡಲತೀರಕ್ಕೆ ಬರುವ ಆಲಿವ್ ರಿಡ್ಲಿ ಆಮೆ ಸುಮಾರು ಒಂದೂವರೆ ಅಡಿ ಆಳದ ಗುಂಡಿಯಲ್ಲಿ ನೂರರ ಆಸುಪಾಸು ಮೊಟ್ಟೆ ಇಟ್ಟು, ಮರಳು ಮುಚ್ಚಿ ಕಡಲಿಗೆ ಹೋಗಿಬಿಡುತ್ತದೆ. 45ರಿಂದ 60 ದಿನಕ್ಕೆ ಮರಿ. ಮರಳಿನ ಉಷ್ಣತೆ 30 ಡಿಗ್ರಿಯ ಆಚೀಚೆ ಇದ್ದರೆ ಎರಡೂ ಹುಟ್ಟುತ್ತವೆ, ಬಿಸಿ ಏರಿದಷ್ಟೂ ಹೆಣ್ಣು ಹೆಚ್ಚು, 35 ದಾಟಿ ಹಾಗೇ ನಿಂತರೆ ಭ್ರೂಣವೇ ಸಾಯುತ್ತದೆ.

ಬೋರರ್ ತಾಯಿ ಬಿಟ್ಟುಹೋಗೋದಿಲ್ಲ, ಸುರಂಗದಲ್ಲೇ ಇದ್ದು ಶಿಲೀಂಧ್ರದ ತೋಟ ನೋಡಿಕೊಳ್ಳುತ್ತದೆ. ಫಲಿತ ಮೊಟ್ಟೆ (ಗಂಡಿನ ವೀರ್ಯಾಣು ಸೇರಿದ್ದು) ಹೆಣ್ಣಾಗುತ್ತದೆ, ಫಲಿತವಾಗದ್ದು ಗಂಡು. ಗಂಡು ಕೆಲವೇ ಕೆಲವು, ಹಾರಲಾರವು, ಗೂಡಿನಲ್ಲೇ ಅಕ್ಕತಂಗಿಯರ ಜೊತೆ ಕೂಡುತ್ತವೆ. ಹೀಗಾಗಿ ಒಂದೇ ಹೆಣ್ಣು ಹೊಸ ಗಿಡ ಸೇರಿದರೂ ಸಂತತಿ ಶುರು.

ಪ್ರಶ್ನೆ ಕೇಳಿದವರು: ಬಾಳ ಉಪಕಾರ ಆತ್ರಿ. ಮಾದರಿ ಏನು ಇಡಬಹುದು?

ಉತ್ತರ 1: ಆಮೆಯ ಚಿಪ್ಪು, ಮೊಟ್ಟೆ ಬೇಡವೇ ಬೇಡ, 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ. ಮಣ್ಣಿನ ಮಾದರಿ ಮಾಡಿಸ್ರಿ. ದಾಳಿಂಬೆ ಕಾಂಡ ಸೀಳಿ ಸುರಂಗ ತೋರಿಸ್ರಿ, ದುಂಬಿಯನ್ನು ಸ್ಪಿರಿಟ್ ಬಾಟಲಿಗೆ ಹಾಕಿ 10 ಪಟ್ಟಿನ ಭೂತಗನ್ನಡಿ ಇಡ್ರಿ. ಉಳಿದ ತುಂಡನ್ನು ಅವತ್ತೇ ಸುಡಬೇಕು. ಬದುವಿನ ಮೇಲೆ ಒಟ್ಟಿದರೆ ಒಳಗಿನ ಹೆಣ್ಣುಗಳು ಹಾರಿ ಪಕ್ಕದ ಗಿಡಕ್ಕೆ ಬೀಳುತ್ತವೆ.

ಅಳತೆ ತಪ್ಪಬೇಡ್ರಿ: ದುಂಬಿ 2 ಮಿ.ಮೀ., ಆಮೆ ಸುಮಾರು 70 ಸೆಂ.ಮೀ. ದುಂಬಿಯನ್ನು 1 ಸೆಂ.ಮೀ. ಬರೆದರೆ ಆಮೆಗೆ ಮೂರೂವರೆ ಮೀಟರ್ ಹಾಳೆ ಬೇಕು.