ಬಿಸಿಗಾಳಿಗೆ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಸಿಬ್ಬಂದಿ ತರಬೇತಿ: ಅರ್ಧ ದಿನದಲ್ಲಿ ಏನು ಕಲಿಸಬೇಕು?

ಬಿಸಿಲೂರು:
ಎಲ್ಲರಿಗೂ ನಮಸ್ಕಾರ. ರಾಯಚೂರು ಜಿಲ್ಲೆಯ ಒಂದು ತಾಲೂಕಿನ ವೈದ್ಯರು, ಸ್ಟಾಫ್ ನರ್ಸ್, ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ), ಆಶಾ ಸೇರಿ 30 ಜನರಿಗೆ ಫೆಬ್ರವರಿಯಲ್ಲಿ ತರಬೇತಿ ಇದೆ. ಹವಾಮಾನ ಬದಲಾವಣೆ ಮತ್ತು ಮಾನವ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದ ಸ್ಲೈಡ್‌ಗಳಿವೆ. ಓದಿ ಹೇಳುವುದರಲ್ಲೇ ಹೊತ್ತು ಮುಗಿಯುತ್ತದೆ. ಮೇ ತಿಂಗಳ ಮಧ್ಯಾಹ್ನ ಪ್ರಜ್ಞೆ ತಪ್ಪಿದ ಕೂಲಿಯವರನ್ನು ಟಂಟಂನಲ್ಲಿ ಕರೆತಂದಾಗ ಮೊದಲ ಹತ್ತು ನಿಮಿಷ ಎಲ್ಲರ ಕೈ ಓಡಬೇಕು. ಅದಕ್ಕೆ ಏನು ಕಲಿಸಲಿ?

ತುರ್ತುವಾರ್ಡ್:
ಸ್ಲೈಡ್‌ಗೆ ಇಪ್ಪತ್ತು ನಿಮಿಷ ಸಾಕು, ಉಳಿದದ್ದೆಲ್ಲ ಅಂಗಳದಲ್ಲಿ ಆಗಲಿ. ದೇಹದೊಳಗಿನ ಉಷ್ಣತೆ 40 ಡಿಗ್ರಿ ದಾಟಿದೆ, ಜೊತೆಗೆ ಗೊಂದಲ, ಫಿಟ್ಸ್ ಅಥವಾ ಪ್ರಜ್ಞಾಹೀನತೆ ಇದೆ ಎಂದರೆ ಶಾಖಾಘಾತ (ಹೀಟ್ ಸ್ಟ್ರೋಕ್). ಮೈ ಒಣಗಿರಲೇಬೇಕು ಎಂಬ ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ಹೊಲದಲ್ಲಿ ದುಡಿಯುತ್ತಾ ಬಿದ್ದವರ ಮೈ ಬೆವರಿನಿಂದ ತೊಯ್ದಿರಬಹುದು. ಹಣೆಗೆ ಹಿಡಿಯುವ ಥರ್ಮಾಮೀಟರ್ ಆಗ ಕಡಿಮೆ ತೋರಿಸುತ್ತದೆ, ನಂಬಬೇಡಿ. ಗುದದ ಉಷ್ಣತೆ ನೋಡಲು ಒಂದನ್ನು ಚೀಟಿ ಅಂಟಿಸಿ ಬೇರೆಯೇ ಇಡಿ.

ಅಭ್ಯಾಸ ಹೀಗೆ: ನೆರಳಲ್ಲಿ ತಾಡಪತ್ರಿ ಹಾಸಿ, ಒಬ್ಬರನ್ನು ಮಲಗಿಸಿ, ನಾಲ್ವರು ಅಂಚು ಎತ್ತಿ ಹಿಡಿದು ತೊಟ್ಟಿಯಂತೆ ಮಾಡಿ. ಎಂಟು-ಹತ್ತು ಕೊಡ ನೀರು ಸುರಿಯಿರಿ, ಸಿಕ್ಕರೆ ಐಸ್ ಸೇರಿಸಿ, ನೀರು ಕಲಕುತ್ತಿರಿ. ತಲೆ ಹಿಡಿದು ಉಸಿರಾಟ ನೋಡುವ ಕೆಲಸ ಒಬ್ಬರದೇ. ವಾಂತಿಯಾದರೆ ಮಗ್ಗುಲಿಗೆ ಹೊರಳಿಸಬೇಕಾದವರೂ ಅವರೇ. ಇನ್ನೊಬ್ಬರು ಸಲೈನ್ ಹಾಕಿ ಸಕ್ಕರೆ ಪರೀಕ್ಷಿಸಲಿ. ಐದು ನಿಮಿಷಕ್ಕೊಮ್ಮೆ ಉಷ್ಣತೆ ಬರೆಯಿರಿ, 39ಕ್ಕೆ ಬಂದಾಗ ನಿಲ್ಲಿಸಿ. ಗುರಿ ಅರ್ಧ ಗಂಟೆ.

ಪ್ಯಾರಾಸಿಟಮಾಲ್ ಇಲ್ಲಿ ಕೆಲಸ ಮಾಡುವುದಿಲ್ಲ, ಏಕೆಂದರೆ ಇದು ಸೋಂಕಿನ ಜ್ವರವಲ್ಲ. ಪ್ರಜ್ಞೆ ಇಲ್ಲದವರ ಬಾಯಿಗೆ ಓಆರ್‌ಎಸ್ ಹಾಕಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. 108ಕ್ಕೆ ಕೂಡಲೇ ಫೋನ್ ಮಾಡಿ, ಆದರೆ ಗಾಡಿ ಬಂತೆಂದು ಬಿಸಿ ಮೈಯಲ್ಲೇ ಸಾಗಿಸಬೇಡಿ. ಮೊದಲು ತಂಪು, ಆಮೇಲೆ ರವಾನೆ. ತರಬೇತಿಯಲ್ಲಿ ಇದೊಂದು ಮನಸ್ಸಿನಲ್ಲಿ ಕೂತರೂ ಜೀವ ಉಳಿಯುತ್ತದೆ.

ಕೋಲ್ಡ್‌ಚೈನ್:
ನೀರಿನ ಬಗ್ಗೆ ಒಂದು ಮಾತು. ಮಹಡಿ ಮೇಲಿನ ಸಿಂಟೆಕ್ಸ್ ನೀರು ಮಧ್ಯಾಹ್ನ ಕೈಯಿಡಲಾರದಷ್ಟು ಕಾದಿರುತ್ತದೆ. ಮಾರ್ಚ್‌ನಿಂದಲೇ ದಿನಾ ಬೆಳಿಗ್ಗೆ ಒಂದು ಡ್ರಮ್ ತುಂಬಿ ಒಳಗೆ ನೆರಳಲ್ಲಿ ಇಡಿ. ತುಂಬಿಸುವವರು ಯಾರು, ಅವರು ರಜೆ ಹಾಕಿದರೆ ಯಾರು ಎಂಬುದನ್ನು ಗೋಡೆಗೆ ಅಂಟಿಸಿ. ಹತ್ತಿರದ ಐಸ್ ಫ್ಯಾಕ್ಟರಿಯ ನಂಬರೂ ಅಲ್ಲೇ ಇರಲಿ.

ಕರೆಂಟ್ ಹೋದಾಗ ಐಎಲ್‌ಆರ್ (ಲಸಿಕೆ ಇಡುವ ಫ್ರಿಜ್) ಮುಚ್ಚಳ ತೆಗೆಯಬೇಡಿ. ಲಸಿಕೆ 2ರಿಂದ 8 ಡಿಗ್ರಿಯಲ್ಲೇ ಉಳಿಯಬೇಕು. ಹೆರಿಗೆ ಕೋಣೆಯ ಆಕ್ಸಿಟೋಸಿನ್ ಇಂಜೆಕ್ಷನ್‌ಗೂ ಅದೇ ತಂಪು ಬೇಕು, ಆದರೆ ಅದು ಟ್ರೇಯಲ್ಲೇ ಬಿದ್ದು ಕೆಟ್ಟುಹೋಗುವುದುಂಟು.

ಕಡಲತಡಿ:
ಒದ್ದೆ ಬಟ್ಟೆ ಹೊದಿಸಿ ಫ್ಯಾನ್ ಹಾಕುವುದು ರಾಯಚೂರಿನ ಒಣ ಬಿಸಿಲಿಗೆ ಚೆನ್ನಾಗಿ ನಡೆಯುತ್ತದೆ. ಮಂಗಳೂರು, ಉಡುಪಿ ಕಡೆ ಗಾಳಿಯಲ್ಲೇ ತೇವ ತುಂಬಿರುವುದರಿಂದ ನೀರು ಬೇಗ ಆವಿಯಾಗುವುದಿಲ್ಲ. ಅಲ್ಲಿ ನೀರು, ಐಸೇ ಗತಿ. ಬಿಸಿಗಾಳಿ ಘೋಷಿಸಲು ಹವಾಮಾನ ಇಲಾಖೆ ನೋಡುವ ಕನಿಷ್ಠ ಉಷ್ಣತೆ ಬಯಲುಸೀಮೆಗೆ 40, ಕರಾವಳಿಗೆ 37. ಹಾಗಾಗಿ ಬೇರೆ ಜಿಲ್ಲೆಯ ಸ್ಲೈಡನ್ನು ಹಾಗೇ ಎತ್ತಿಕೊಳ್ಳಬೇಡಿ.

ಬಿಸಿಲೂರು:
ತುಂಬಾ ಉಪಕಾರವಾಯಿತು. ಆಶಾ ಅವರಿಗೆ ಬೇರೇನಾದರೂ ಹೇಳಬೇಕೇ?

ತುರ್ತುವಾರ್ಡ್:
ಮಾರ್ಚ್ ಒಳಗೆ ಒಂದು ಪಟ್ಟಿ ಮಾಡಿಸಿ: ಒಂಟಿಯಾಗಿರುವ ವೃದ್ಧರು, ಬಸುರಿ-ಬಾಣಂತಿಯರು, ತಗಡಿನ ಮನೆಯ ಎಳೆಗೂಸುಗಳು, ಉದ್ಯೋಗ ಖಾತ್ರಿ ಕೆಲಸಗಾರರು. ಮೂತ್ರ ಹೆಚ್ಚಿಸುವ ಮಾತ್ರೆ, ಟ್ರೈಹೆಕ್ಸಿಫೆನಿಡಿಲ್‌ನಂತಹ ಬೆವರು ತಡೆಯುವ ಮಾತ್ರೆ ನುಂಗುವವರ ಹೆಸರನ್ನು ಪಿಎಚ್‌ಸಿ ಔಷಧಿ ರಿಜಿಸ್ಟರ್‌ನಿಂದ ತೆಗೆದು ಆಶಾ ಅವರಿಗೆ ಕೊಡಿ. ಮಾತ್ರೆ ನಿಲ್ಲಿಸಿ ಎಂದು ಆಶಾ ಹೇಳಬಾರದು, ವೈದ್ಯರಿಗೆ ತೋರಿಸಲಿ. ಆರೆಂಜ್ ಅಲರ್ಟ್ ಬಂದ ದಿನ ಆ ಮನೆಗಳಿಗೇ ಮೊದಲು ಹೋಗಲಿ, ಮಧ್ಯಾಹ್ನವಲ್ಲ, ಬೆಳಿಗ್ಗೆ ಹತ್ತರೊಳಗೆ.