ವರ್ಷಕ್ಕೆ 30 ಪುಸ್ತಕದ ಗುರಿ: ಓದು ನಡೆದಿದೆ, ವಿಮರ್ಶೆ ಹಿಂದೆ ಬಿದ್ದಿದೆ. ಏನು ಮಾಡೋದು?

ಸುರಪುರ_ಮೇಷ್ಟ್ರು (ಯಾದಗಿರಿ ಜಿಲ್ಲೆ)

ಎಲ್ಲರಿಗೂ ಶರಣು. ಈ ವರ್ಷದ ಗುರಿ 30 ಪುಸ್ತಕ, ಹೆಚ್ಚಿನವು ಕಿಶೋರ ಕಾದಂಬರಿ, ಅಂದ್ರೆ ಹದಿಹರೆಯದ ಮಕ್ಕಳಿಗೆ ಬರೆದವು. ಜುಲೈ ಮುಗೀತು. 13 ಓದಾಗ್ಯಾವ, ಬರೆದದ್ದು 5ಕ್ಕೆ ಮಾತ್ರ. ವಿಮರ್ಶೆ ಅಂದ್ರೆ ಪತ್ರಿಕೆಗೆ ಕಳಿಸೋ ಲೇಖನ ಅಲ್ಲ. 9, 10ನೇ ತರಗತಿ ಮಕ್ಕಳು ಓದಿ ‘ಈ ಪುಸ್ತಕ ತಗೊಳ್ಳೋಣೋ ಬ್ಯಾಡೋ’ ಅಂತ ತೀರ್ಮಾನ ಮಾಡುವಷ್ಟು, ಒಂದು ಪುಟ. ಉಳಿದ 17 ಡಿಸೆಂಬರ್‌ದೊಳಗ ಆಗ್ತಾವೇನ್ರಿ? ಬಾಕಿ ಬಿದ್ದ 8 ವಿಮರ್ಶೆಗೆ ಪುಸ್ತಕ ಮತ್ತೆ ಪೂರ್ತಿ ಓದಬೇಕಾ? ಮತ್ತ ಗುಡ್‌ರೀಡ್ಸ್‌ನಲ್ಲಿ (ಓದಿದ ಪುಸ್ತಕದ ಲೆಕ್ಕ ಇಡೋ ಜಾಲತಾಣ) 13ರ ಬದಲು 10 ಅಂತಲೇ ತೋರಿಸ್ತದ, ಯಾಕೆ?

ತೊಗರಿ_ಕಣಜ (ಕಲಬುರಗಿ)

ಸರ್, ಪುಸ್ತಕ ಎಣಿಸೋದು ಬಿಟ್ಟು ಪುಟ ಎಣಿಸಿ. ಕಿಶೋರ ಕಾದಂಬರಿ ಅಂತ ಬರೋದರಲ್ಲಿ 80 ಪುಟದ್ದೂ ಇದೆ, 250 ಪುಟದ್ದೂ ಇದೆ. ಎರಡಕ್ಕೂ ‘ಒಂದು’ ಅಂತಲೇ ಲೆಕ್ಕ ಹಾಕಿದರೆ ವರ್ಷದ ಕೊನೆಗೆ ಕೈ ತಾನಾಗಿ ತೆಳು ಪುಸ್ತಕದ ಕಡೆಗೇ ಹೋಗುತ್ತೆ. ಗುರಿ ಮುಟ್ಟುತ್ತೆ, ಓದು ಸೊರಗುತ್ತೆ.

ನಿಮ್ಮ ಲೆಕ್ಕ ಹೀಗೆ. 17ರಲ್ಲಿ 250 ಪುಟದವು 5, 110 ಪುಟದವು 12 ಅಂದುಕೊಳ್ಳಿ. ಒಟ್ಟು 2,570 ಪುಟ. ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ 153 ದಿನ. ವಾರಕ್ಕೊಂದು ದಿನ ಓದಿಗೆ ರಜೆ ಕೊಟ್ಟರೆ 131 ಉಳೀತಾವೆ. ದಿನಕ್ಕೆ 20 ಪುಟ. ಪುಟಕ್ಕೆ ಎರಡು ನಿಮಿಷ ಹಿಡಿದರೂ 40 ನಿಮಿಷ. ಆಗದ ಮಾತೇನಲ್ಲ.

ಆದರೆ ದಿನಾ ಸಮನಾಗಿ 20 ಅಂತ ಹಂಚಬೇಡಿ. ಅರ್ಧವಾರ್ಷಿಕ ಪರೀಕ್ಷೆ, ಉತ್ತರ ಪತ್ರಿಕೆ ತಿದ್ದೋ ದಿನಗಳಿಗೆ ಸೊನ್ನೆ ಬರೆದುಬಿಡಿ, ಆ ಪುಟಗಳನ್ನು ದಸರಾ ರಜೆಗೆ ಹಾಕಿ. ದಪ್ಪ ಪುಸ್ತಕ ಐದರಲ್ಲಿ ಮೂರು ರಜೆಗೇ ಇರಲಿ. ಡಿಸೆಂಬರ್‌ಗೆ ತೆಳುವಾದವು ಮಾತ್ರ. ಮುಂದಿನ ವರ್ಷದ ಯೋಜನೆ ಜನವರಿಯಲ್ಲಿ ಮಾಡುವಾಗ ಏಪ್ರಿಲ್, ಮೇ ನೆನಪಿಡಿ. ನಮ್ಮ ವಿಭಾಗದಲ್ಲಿ ಬಿಸಿಲಿಗೆ ಸರ್ಕಾರಿ ಕಚೇರಿ ವೇಳೆಯೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30 ಆಗುತ್ತೆ. ಮಧ್ಯಾಹ್ನ ಹೊರಗೆ ಕಾಲಿಡೋ ಹಾಗಿರೋದಿಲ್ಲ. ವರ್ಷದ ಮೂರನೇ ಒಂದು ಭಾಗ ಪುಟ ಆ ಎರಡು ತಿಂಗಳಿಗೇ ಇಟ್ಟರೂ ನಡೆಯುತ್ತೆ.

ಪುಸ್ತಕಕ್ಕೆ ನಗರ ಕೇಂದ್ರ ಗ್ರಂಥಾಲಯಕ್ಕೆ ಬರೋದಾದರೆ ಸೋಮವಾರ ಮತ್ತು ತಿಂಗಳ ಎರಡನೇ ಮಂಗಳವಾರ ರಜೆ, ನೋಡಿಕೊಂಡು ಬಸ್ ಹತ್ತಿ. ಊರಿನ ಮಕ್ಕಳಿಗೆ ಗ್ರಾಮ ಪಂಚಾಯಿತಿ ಅರಿವು ಕೇಂದ್ರವೇ (ಊರ ಗ್ರಂಥಾಲಯ) ಹತ್ತಿರ. 2020ರ ನವೆಂಬರ್‌ನಲ್ಲಿ ಶುರುವಾದ ‘ಓದುವ ಬೆಳಕು’ ಅಭಿಯಾನದಿಂದ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ. ಕೊಳ್ಳಲೇಬೇಕಾದದ್ದನ್ನು ನವೆಂಬರ್‌ವರೆಗೆ ತಡೆದಿಡಿ, ರಾಜ್ಯೋತ್ಸವದ ರಿಯಾಯಿತಿ ಸಿಗುತ್ತೆ.

ಬಿದರಿ_ಅಕ್ಕ (ಬೀದರ್)

ಮೇಷ್ಟ್ರೇ, ನಿಮ್ಮ ತೊಂದರಿ ಓದಿನದ್ದಲ್ಲ, ಬರಿಯೋದರದ್ದು. ಅದಕ್ಕ ಒಂದೇ ಕಟ್ಟಳಿ: ಒಂದರ ವಿಮರ್ಶೆ ಮುಗಿಯೋತನಕ ಇನ್ನೊಂದು ಪುಸ್ತಕ ತೆಗೀಬ್ಯಾಡ್ರಿ. ಕಿಶೋರ ಕಾದಂಬರಿ ಒಂದಾದ ಮ್ಯಾಲೆ ಒಂದು ಓದಿದ್ರ ಎರಡು ವಾರದಾಗ ಇದರ ಹುಡುಗ ಅದರ ಊರಿಗೆ ಹೋಗಿರ್ತಾನ. ಎಲ್ಲಾದರಾಗೂ ಒಂದು ಸೂಟಿ, ಒಬ್ಬ ಅಜ್ಜ, ಒಂದು ಗುಟ್ಟು ಇದ್ದೇ ಇರ್ತದಲ್ಲ.

ಎ4 ಹಾಳಿ ನಾಕು ಮಡಚಿ ಪುಸ್ತಕದಾಗ ಗುರುತಿಗೆ ಇಟ್ಕೋರಿ. ಗ್ರಂಥಾಲಯದ ಪುಸ್ತಕದ ಮ್ಯಾಲೆ ಪೆನ್ಸಿಲ್ ಆಡಿಸೋದು ತಪ್ತದ. ಒಂದು ಮಡಿಕಿಯಾಗ ಪಾತ್ರದ ಹೆಸರು. ಎರಡನೇದ್ರಾಗ ಕಥಿ ಎಲ್ಲಿ ಬಿಗಿ, ಎಲ್ಲಿ ಸಡಿಲ ಅಂತ ಪುಟದ ಸಂಖ್ಯೆ. ಮೂರನೇದ್ರಾಗ ನಮ್ಮ ಕಡಿ ಹುಡುಗರಿಗೆ ತಿಳೀದ ಮಾತು. ನಾಕನೇದು ಖಾಲಿ ಇರಲಿ, ಕೊನೀ ಪುಟ ಮುಗಿಸಿದ ಕೂಡಲೆ ಮನಸಿಗೆ ಬಂದ ಎರಡು ಸಾಲು ಅಲ್ಲಿ ಗೀಚ್ರಿ. ವಿಮರ್ಶಿ ಅರ್ಧ ಅಲ್ಲೇ ಆಗಿರ್ತದ.

ಮೂರನೇ ಮಡಿಕಿ ಭಾಳ ಮುಖ್ಯ. ಮಲೆನಾಡು, ಕರಾವಳಿ ಕಾದಂಬರಿಗೋಳಾಗ ಇಂಬಳ (ಜಿಗಣಿ), ಅಡಿಕಿ ತ್ವಾಟ, ಜಡಿಮಳಿ ಬರ್ತಾವ. ಕರಿಮಣ್ಣಿನ ಹುಡುಗರಿಗೆ ಅವು ಕಣ್ಣಿಗೆ ಕಟ್ಟೂದಿಲ್ಲ. ವಿಮರ್ಶಿ ಕೆಳಗ ಐದಾರು ಮಾತಿಗೆ ಅರ್ಥ ಕೊಟ್ರ ಹತ್ತನೇ ಪುಟಕ್ಕೇ ಪುಸ್ತಕ ಮುಚ್ಚೂದು ಕಮ್ಮಿ ಆಗ್ತದ.

ಮುನ್ನುಡಿ ಕೊನಿಗೆ ಓದ್ರಿ. ನಮ್ಮಲ್ಲಿ ಮುನ್ನುಡಿ ಬರಿಯೋರು ಕಥಿ ಎಲ್ಲಾ ಅಲ್ಲೇ ಬಿಚ್ಚಿಡ್ತಾರ. ಬೆನ್ನುಡಿ ನೋಡಿ ವಿಮರ್ಶಿ ಬರೀಬ್ಯಾಡ್ರಿ, ಅದು ಮಾರೋ ಮಾತು.

ಎಷ್ಟು ಹೇಳಬೇಕು ಅನ್ನೋದಕ್ಕ ತೇಜಸ್ವಿಯವರ ‘ಕರ್ವಾಲೊ’ ತಗೋರಿ. 1980ರದು. ಮಕ್ಕಳಿಗಂತ ಬರೆದದ್ದಲ್ಲ, ಆದ್ರ 10ನೇ ತರಗತಿಗೆ ಸಲೀಸು. “ತೇಜಸ್ವಿಯವರು ನಿಸರ್ಗವನ್ನು ಅದ್ಭುತವಾಗಿ ಚಿತ್ರಿಸಿದ್ದಾರೆ, ಕಾದಂಬರಿ ಓದಿಸಿಕೊಂಡು ಹೋಗುತ್ತದೆ” ಅಂತ ಬರೆದ್ರ ಹುಡುಗ ಪುಸ್ತಕ ಮುಟ್ಟೂದಿಲ್ಲ. ಹಿಂಗ ಬರೀರಿ: “ಊರಿನವರ ಕಣ್ಣಿಗೆ ಮಂದಣ್ಣ ಕೆಲಸಕ್ಕೆ ಬಾರದವನು. ಅವನಿಗೆ ಮದುವೆಯದೇ ಧ್ಯಾನ. ವಿಜ್ಞಾನಿ ಕರ್ವಾಲೊ ಮಾತ್ರ ಕಾಡಿಗೆ ಹೋಗಲು ಅವನನ್ನೇ ನೆಚ್ಚಿದ್ದಾರೆ. ಯಾಕೆ?” ಹುಡುಕೋ ಪ್ರಾಣಿ ಯಾವುದು, ಕೊನಿಗೆ ಏನಾತು, ಎರಡೂ ಬಾಯಿ ಬಿಡಬ್ಯಾಡ್ರಿ.

ಬಾಕಿ 8 ಪೂರ್ತಿ ಮತ್ತ ಓದೋದು ಬ್ಯಾಡ. ಮೊದಲನೇ ಅಧ್ಯಾಯ, ನಡುವಿಂದು ಒಂದು, ಕೊನೀ ಎರಡು ಪುಟ ನೋಡ್ರಿ. ಆರು ಸಾಲು ಬಂದ್ರ ಬರೀರಿ. ಅಷ್ಟಾದ್ರೂ ಏನೂ ನೆನಪಿಗೆ ಬರಲಿಲ್ಲಂದ್ರ, ಅದೇ ಆ ಪುಸ್ತಕದ ವಿಮರ್ಶಿ. ಪಟ್ಟಿಯಾಗ ಹೆಸರು ಬರೆದು ಮುಂದ ನಡೀರಿ.

ಸುರಪುರ_ಮೇಷ್ಟ್ರು

ಅಕ್ಕಾರ, ಕಟ್ಟಳಿ ಒಪ್ಪಿದೆ. ಸೇರದ ಪುಸ್ತಕದ ಬಗ್ಗೆ ಮಕ್ಕಳ ಮುಂದೆ ಹೆಂಗ ಬರೀಬೇಕು? ಮತ್ತ ಮುಂದಿನ ಪಟ್ಟಿಗೆ ಇತ್ತೀಚಿನವು ಯಾವುದರಿಂದ ಶುರು ಮಾಡಲಿ?

ಬಿದರಿ_ಅಕ್ಕ

ಸೇರಲಿಲ್ಲ ಅನ್ನೋದಕ್ಕಿಂತ ಎಲ್ಲಿ ಕೆಟ್ಟಿತು ಅಂತ ತೋರಸ್ರಿ. ಕಿಶೋರ ಕಾದಂಬರಿ ಕೆಡೋದು ಹೆಚ್ಚಾಗಿ ಎರಡು ಕಡಿ. ಹುಡುಗಿಯ ಕಷ್ಟ ಕೊನಿಗೆ ಹಿರಿಯರೊಬ್ಬರು ಬಂದು ಬಗೀಹರಸ್ತಾರ, ಆಕಿ ಸುಮ್ನ ನಿಂತಿರ್ತಾಳ. ಇಲ್ಲಾ 14 ವರ್ಷದ ಹುಡುಗ 50 ವರ್ಷದ ಮಾಸ್ತರನ ಹಂಗ ಮಾತಾಡ್ತಾನ. ಯಾವ ಪುಟ ಅಂತ ಹೇಳಿದ್ರ ಮಕ್ಕಳೇ ತೆರೆದು ನೋಡಿ ನಿಮ್ಮ ಜೋಡಿ ಜಗಳ ತೆಗೀತಾರ. ತೆಗೀಲಿ.

ಪಟ್ಟಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ನೋಡ್ರಿ. ಕನ್ನಡಕ್ಕ 2021, 2022, 2023 ಮೂರೂ ವರ್ಷ ಕಾದಂಬರಿಗೇ ಬಂದದ: ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’, ವಿಜಯಶ್ರೀ ಹಾಲಾಡಿ ಅವರ ‘ಸೂರಕ್ಕಿ ಗೇಟ್’. ಮೂರೂ ಒಟ್ಟಿಗೆ ಓದಿದ್ರ ಹೋಲಿಸಿ ಬರಿಯೋಕೂ ಬರ್ತದ.

ಬೆರಳಚ್ಚು (ಕಲಬುರಗಿ)

ಗುಡ್‌ರೀಡ್ಸ್ ಲೆಕ್ಕ ತಪ್ಪೋದಕ್ಕೆ ಬಹುತೇಕ ಒಂದೇ ಕಾರಣ. ‘ರೀಡ್’ ಅಂತ ಗುರುತು ಹಾಕಿದರೆ ಸಾಲದು, ಓದಿ ಮುಗಿಸಿದ ದಿನಾಂಕವೂ ತುಂಬಿರಬೇಕು. ಅದು ಖಾಲಿ ಇದ್ದರೆ, ಅಥವಾ ವರ್ಷ ತಪ್ಪಾಗಿದ್ದರೆ, ವರ್ಷದ ಗುರಿಯ ಚಾಲೆಂಜ್‌ಗೆ ಸೇರೋದಿಲ್ಲ. ಆ ಮೂರು ಪುಸ್ತಕ ತೆರೆದು ದಿನಾಂಕ ಹಾಕಿ.

ಹುಡುಕುವಾಗ ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಹೊಡೆದು ನೋಡಿ, ಒಂದೇ ಪುಸ್ತಕ ಎರಡು ಹೆಸರಲ್ಲಿ ಕೂತಿರುತ್ತೆ. ಪುಸ್ತಕದ ಮೇಲೆ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಇದ್ದರೆ ಅದನ್ನೇ ಹೊಡೆಯೋದು ವಾಸಿ. ಕನ್ನಡ ಪುಸ್ತಕಗಳಿಗೆ ಎಷ್ಟೋ ಸಲ ಪುಟಸಂಖ್ಯೆ ಹಾಕಿರೋದಿಲ್ಲ, ಹಾಗಾಗಿ ಮೇಲೆ ಹೇಳಿದ ಪುಟದ ಲೆಕ್ಕವನ್ನು ಅದರ ಮೇಲೆ ಬಿಡಬೇಡಿ. ಸ್ಟೋರಿಗ್ರಾಫ್‌ನಲ್ಲಿ (ಇಂಥದೇ ಇನ್ನೊಂದು ತಾಣ) ಪುಟದ ಗುರಿಯನ್ನೇ ಬೇರೆಯಾಗಿ ಇಡಬಹುದು. ಅದೂ ಬೇಡವೆಂದರೆ ಎಕ್ಸೆಲ್‌ನಲ್ಲಿ ಐದು ಕಾಲಂ: ಹೆಸರು, ಪುಟ, ಮುಗಿಸಿದ ದಿನ, ವಿಮರ್ಶೆ ಬರೆದ ದಿನ, ಯಾವ ತರಗತಿಗೆ. ನಾಲ್ಕನೇ ಕಾಲಂ ಖಾಲಿ ಇದ್ದ ಸಾಲು ಕೆಂಪಾಗುವ ಹಾಗೆ ಮಾಡಿಡಿ.